ಮೊದಲ ಸಲ ಕುದುರೆ ಮರಿ ಸಾಕುವವರಿಗೆ: ಲಾಯದಿಂದ ಜೀನಿನವರೆಗೆ ಯಾವುದಾದ ಮೇಲೆ ಯಾವುದು

ಮೊದಲ ಬಾರಿಗೆ ಕುದುರೆ ಮರಿ ತಂದವರ ದೂರುಗಳು ಹೆಚ್ಚುಕಮ್ಮಿ ಒಂದೇ ಥರ. ಕಚ್ಚುತ್ತದೆ, ಕಾಲು ಮುಟ್ಟಗೊಡುವುದಿಲ್ಲ, ಕಟ್ಟಿದರೆ ಹಗ್ಗ ಕಿತ್ತುಕೊಂಡು ಹಿಂದಕ್ಕೆ ಬೀಳುತ್ತದೆ, ಬೆನ್ನ ಮೇಲೆ ಕೂತರೆ ಮುಂಗಾಲೆತ್ತಿ ನಿಲ್ಲುತ್ತದೆ. ವಿಚಾರಿಸಿದರೆ ಮರಿಗೆ ಒಂದೂವರೆ ವರ್ಷ, ಮನೆಗೆ ಬಂದು ಎರಡು ತಿಂಗಳು, ಬೆನ್ನ ಮೇಲೆ ಆಗಲೇ ಜೀನು. ಸ್ವಭಾವವೇ ಕೆಟ್ಟದ್ದೆಂದು ಅದನ್ನು ಮಾರಿಬಿಡುತ್ತಾರೆ. ನಿಜಕ್ಕೂ ಕೆಟ್ಟಿದ್ದು ಕಲಿಸಿದ ಕ್ರಮ.

ಸುಮಾರು ಒಂದು ವರ್ಷದ ದೇಶಿ ಮರಿಯನ್ನು, ಅಂದರೆ ಮಾರವಾಡಿ, ಕಾಠಿಯಾವಾಡಿ, ಭೀಮಥಡಿ ಅಥವಾ ಮಿಶ್ರ ತಳಿಯದನ್ನು, ಮನೆಗೆ ತಂದು ಮೂರು ದಾಟಿದ ಮೇಲೆ ಸವಾರಿಗೆ ಸಿದ್ಧಮಾಡುವ ದಾರಿ ಇಲ್ಲಿದೆ. ಕಲಿಸುವ ಕೆಲವು ಹಂತಗಳ ಕೊನೆಗೆ ಒಂದು ಪರೀಕ್ಷೆಯಿದೆ. ಅದರಲ್ಲಿ ಮರಿ ಪಾಸಾಗದೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 1: ಕೊಳ್ಳುವ ಮೊದಲು

ಮೊದಲು ಹುಡುಕಬೇಕಾದದ್ದು ಕುದುರೆ ನೋಡಬಲ್ಲ ಪಶುವೈದ್ಯರನ್ನು, ಆಮೇಲೆ ಗೊರಸು ಕತ್ತರಿಸುವವರನ್ನು. ಹಸು ಎಮ್ಮೆ ನೋಡುವ ವೈದ್ಯರೆಲ್ಲರಿಗೂ ಕುದುರೆಯ ಅಭ್ಯಾಸ ಇರುವುದಿಲ್ಲ. ಬೆಂಗಳೂರಿನ ಸುತ್ತಮುತ್ತ ಇರುವವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಕಲ್ಯಾಣ ಕರ್ನಾಟಕದವರು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲೂ ವಿಚಾರಿಸಬಹುದು. ರಾತ್ರಿ ಹನ್ನೊಂದಕ್ಕೆ ಹೊಟ್ಟೆಶೂಲೆ ಶುರುವಾದರೆ ಯಾರಿಗೆ ಫೋನ್ ಮಾಡಬೇಕೆಂಬುದು ಮರಿ ಬರುವ ಮೊದಲೇ ಗೊತ್ತಿರಬೇಕು.

ವಯಸ್ಸು. ತಾಯಿ ಹಾಲು ಬಿಡಿಸುವುದು ಐದಾರು ತಿಂಗಳಿಗೆ. ಅದಕ್ಕಿಂತ ಚಿಕ್ಕದನ್ನು ತರಲೇಬೇಡಿ. ಹೇಳಿದ ವಯಸ್ಸನ್ನು ನಂಬದೆ ಬಾಯಿ ತೆಗೆಸಿ ನೋಡಿ. ಮುಂದಿನ ಹಲ್ಲುಗಳಲ್ಲಿ ನಡುವಿನ ಜೋಡಿ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬರುವುದು ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ್ದು ಮೂರೂವರೆಗೆ, ಅಂಚಿನದು ನಾಲ್ಕೂವರೆಗೆ. ಹಾಲುಹಲ್ಲು ಚಿಕ್ಕದು, ಬಿಳಿಯದು, ವಸಡಿನ ಹತ್ತಿರ ಸಣ್ಣಗಾಗಿರುತ್ತದೆ. ಎಲ್ಲವೂ ಹಾಲುಹಲ್ಲೇ ಆಗಿದ್ದು ಮಾರುವವರು “ಮೂರು ತುಂಬಿದೆ, ಇವತ್ತೇ ಹತ್ತಬಹುದು” ಎಂದರೆ ಅದು ಸುಳ್ಳು.

ಗಂಡೋ ಹೆಣ್ಣೋ. ಮೊದಲ ಸಲದವರಿಗೆ ಹೆಣ್ಣು ಮರಿ ಅಥವಾ ಬೀಜ ತೆಗೆಸಿದ ಗಂಡೇ ಸರಿ. ಬೀಜ ತೆಗೆಸದ ಗಂಡು ಒಂದೂವರೆ ವರ್ಷ ದಾಟುತ್ತಿದ್ದಂತೆ ಕಚ್ಚಲು, ಮೇಲೇರಲು, ಹೆಣ್ಣಿನ ವಾಸನೆಗೆ ಬೇಲಿ ಮುರಿಯಲು ತೊಡಗುತ್ತದೆ. ಗಂಡನ್ನೇ ಕೊಂಡರೆ ಎರಡೂ ಬೀಜ ಇಳಿದಿರುವುದನ್ನು ವೈದ್ಯರು ಖಚಿತಪಡಿಸಿದ ಮೇಲೆ, ಧನುರ್ವಾಯು ಲಸಿಕೆ ಆಗಿರುವಾಗ, ನೊಣ ಕಡಿಮೆಯಿರುವ ಚಳಿಗಾಲದಲ್ಲಿ, ಒಂದರಿಂದ ಎರಡು ವರ್ಷದೊಳಗೆ ಬೀಜ ತೆಗೆಸಿ.

ಪರೀಕ್ಷೆಗಳು. ಗ್ಲಾಂಡರ್ಸ್ ಮತ್ತು ಈಕ್ವೈನ್ ಇನ್ಫೆಕ್ಷಿಯಸ್ ಅನೀಮಿಯಾ ರೋಗಗಳ ರಕ್ತಪರೀಕ್ಷೆ ಆಗದೆ ಹಣ ಕೊಡಬೇಡಿ. ಗ್ಲಾಂಡರ್ಸ್ ಮನುಷ್ಯರಿಗೂ ಹರಡುತ್ತದೆ, ಲಸಿಕೆಯಿಲ್ಲ, ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕು. ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಪರೀಕ್ಷೆ ಮಾಡುತ್ತದೆ. ಮಾದರಿ ಕಳಿಸುವ ಕ್ರಮವನ್ನು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ.

ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಅಗ್ಗಕ್ಕೆ ಸಿಕ್ಕಿತೆಂದು ತರುವವರಿದ್ದಾರೆ. ಒಳ್ಳೆಯ ಪ್ರಾಣಿಯೇ, ಆದರೆ ಮೊದಲ ಕುದುರೆಯಾಗಿ ಬೇಡ. ಓಡುವುದನ್ನೇ ಕಲಿತು ಬಂದದ್ದನ್ನು ನಿಲ್ಲಿಸಲು ಅನುಭವಸ್ಥರ ಕೈ ಬೇಕು.

## ಹಂತ 2: ಜಾಗ, ಜೊತೆ ಮತ್ತು ಸಾಮಾನು

ಲಾಯದ ಕೋಣೆ 12 ಅಡಿಗೆ 12 ಅಡಿ ಇರಲಿ, ಗಾಳಿ ಆಡಲಿ, ಮೂತ್ರ ಹರಿದುಹೋಗುವಷ್ಟು ಇಳಿಜಾರಿರಲಿ. ಬರಿ ಸಿಮೆಂಟ್ ನೆಲ ಕಾಲಿಗೆ ಕೆಟ್ಟದ್ದು. ಮಣ್ಣಿನ ನೆಲ ಇಲ್ಲದಿದ್ದರೆ ರಬ್ಬರ್ ಹಾಸಿ, ಮೇಲೆ ಮರದ ಹೊಟ್ಟೋ ಭತ್ತದ ಹೊಟ್ಟೋ ದಪ್ಪಗೆ ಹರಡಿ. ಬಿಟ್ಟು ಮೇಯಿಸಲು ನಾಲ್ಕೂವರೆ ಅಡಿಗಿಂತ ಎತ್ತರದ ಬೇಲಿಯಿರುವ ಜಾಗ ಬೇಕೇ ಬೇಕು. ಮುಳ್ಳುತಂತಿ ಬೇಲಿ ಮಾತ್ರ ಬೇಡ. ಹೆದರಿದ ಮರಿ ತಂತಿಯನ್ನು ನೋಡುವುದಿಲ್ಲ, ಕಾಲಿನ ನರ ಕುಯ್ದುಕೊಂಡರೆ ಮತ್ತೆ ಕೂಡುವುದಿಲ್ಲ.

ದಿನಕ್ಕೆ ಇಪ್ಪತ್ತು ಗಂಟೆ ಕಟ್ಟಿಹಾಕಿದ ಮರಿಯ ಮೂಳೆಯೂ ಗಟ್ಟಿಯಾಗುವುದಿಲ್ಲ, ಮನಸ್ಸೂ ನೆಟ್ಟಗಿರುವುದಿಲ್ಲ. ಒಂಟಿತನವೂ ಅಷ್ಟೇ ಕೆಟ್ಟದ್ದು. ಇನ್ನೊಂದು ಕುದುರೆ, ಅದರಲ್ಲೂ ದೊಡ್ಡ ಶಾಂತ ಕುದುರೆ ಜೊತೆಗಿದ್ದರೆ ಕಚ್ಚಬಾರದು, ನುಗ್ಗಬಾರದು ಎಂಬ ಪಾಠವನ್ನು ಅದೇ ಕಲಿಸುತ್ತದೆ. ಅದು ಆಗದಿದ್ದರೆ ಕತ್ತೆ, ಮೇಕೆ ಅಥವಾ ಹಸು ತಕ್ಕಮಟ್ಟಿಗೆ ಜೊತೆಯಾಗುತ್ತದೆ.

ಮೊದಲ ವರ್ಷಕ್ಕೆ ಬೇಕಾದ ಸಾಮಾನು ಸ್ವಲ್ಪವೇ:

- ಅಳತೆ ಹೆಚ್ಚುಕಡಿಮೆ ಮಾಡಬಹುದಾದ ಹಾಲ್ಟರ್, ಅಂದರೆ ಕಬ್ಬಿಣವಿಲ್ಲದ ತಲೆಪಟ್ಟಿ
- ಹೆಬ್ಬೆರಳು ದಪ್ಪದ, 3ರಿಂದ 3.5 ಮೀಟರ್ ಉದ್ದದ ಹತ್ತಿಯ ಹಗ್ಗ (ನೈಲಾನ್ ಹಗ್ಗ ಅಂಗೈ ಸುಡುತ್ತದೆ)
- ಗೊರಸು ಕೆದಕುವ ಕೊಕ್ಕೆ, ಗಟ್ಟಿ ಬ್ರಷ್, ಮೆತ್ತನೆ ಬ್ರಷ್
- ಥರ್ಮಾಮೀಟರ್, ಟೈಲರ್ ಟೇಪು, ಒಂದು ನೋಟ್‌ಬುಕ್
- ನಿಮಗೆ ಹೆಲ್ಮೆಟ್, ಕೈಗವಸು, ಬೆರಳು ಮುಚ್ಚುವ ಗಟ್ಟಿ ಬೂಟು

ಜೀನು, ಲಗಾಮು ಈಗಲೇ ಕೊಳ್ಳಬೇಡಿ. ಬೆಳೆಯುವ ಬೆನ್ನಿಗೆ ಇವತ್ತು ಕೂಡಿದ ಜೀನು ಮುಂದಿನ ವರ್ಷ ಕೂಡುವುದಿಲ್ಲ. ಸಾಮಾನು ಎದುರಿಗಿದ್ದರೆ ಹತ್ತುವ ಆಸೆಯೂ ಬೇಗ ಬರುತ್ತದೆ.

## ಹಂತ 3: ಮೇವು, ಅತಿ ಹೆಚ್ಚು ತಪ್ಪಾಗುವ ಜಾಗ

ಕರ್ನಾಟಕದಲ್ಲಿ ಕುದುರೆ ಮರಿಗಳು ಸೊರಗುವುದು ಹಸಿವಿನಿಂದಲ್ಲ, ಬಹಳ ಸಲ ತಪ್ಪು ಮೇವಿನಿಂದ. ಮೂಲ ಲೆಕ್ಕ ಇಷ್ಟು. ಬೆಳೆಯುವ ಮರಿಗೆ ದಿನಕ್ಕೆ ಅದರ ತೂಕದ ಶೇ. 2.5ರಷ್ಟು ಒಣ ಅಂಶದ ಆಹಾರ ಬೇಕು, ಅದರ ಬಹುಪಾಲು ಹುಲ್ಲೇ ಆಗಿರಬೇಕು. ಹಸಿಮೇವಿನಲ್ಲಿ ಒಣ ಅಂಶ ಐದನೇ ಒಂದು ಭಾಗ ಮಾತ್ರ.

ತೂಕ ತಿಳಿಯಲು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು, ಎದೆಯ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆ × ಸುತ್ತಳತೆ × ಉದ್ದ ÷ 11,880 ಮಾಡಿದರೆ ಕಿಲೋ ಲೆಕ್ಕ ಸಿಗುತ್ತದೆ. ಇದು ದೊಡ್ಡ ಕುದುರೆಯ ಸೂತ್ರ, ಮರಿಗೆ ತುಸು ಕಡಿಮೆ ತೋರಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಅಳೆದು ಬರೆದಿಟ್ಟರೆ ಏರುತ್ತಿದೆಯೋ ನಿಂತಿದೆಯೋ ಎಂಬುದಂತೂ ಸ್ಪಷ್ಟವಾಗುತ್ತದೆ.

220 ಕಿಲೋ ತೂಗುವ ಮರಿಗೆ ಒಂದು ದಿನದ ಮಾದರಿ:

- ಒಳ್ಳೆಯ ಒಣಹುಲ್ಲು 3.5 ಕಿಲೋ
- ಹಸಿ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) 5 ಕಿಲೋ
- ಓಟ್ಸ್ ಅಥವಾ ಜವೆಗೋಧಿ 700 ಗ್ರಾಂ, ಬೇಯಿಸಿದ ಹುರುಳಿ 300 ಗ್ರಾಂ (ಒಣ ತೂಕ), ಎರಡು ಹೊತ್ತಿಗೆ ಹಂಚಿ
- ಉಪ್ಪು 20 ಗ್ರಾಂ, ವೈದ್ಯರು ಹೇಳಿದಷ್ಟು ಖನಿಜ ಮಿಶ್ರಣ
- ನೀರು ಯಾವಾಗಲೂ ಎದುರಿಗೆ. ದಿನಕ್ಕೆ 20 ಲೀಟರ್ ಬೇಕಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು

ಮೇವು ಬದಲಿಸುವಾಗ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ. ತಂದ ಮೊದಲ ವಾರಕ್ಕೆ ಹಳೆಯ ಮಾಲೀಕರಿಂದಲೇ ಅದು ತಿನ್ನುತ್ತಿದ್ದ ಹುಲ್ಲನ್ನು ಕೊಂಡು ತನ್ನಿ.

ಇನ್ನು ತಪ್ಪುಗಳು. ಹಸುವಿಗೆ ಹಾಕುವುದನ್ನೇ ಕುದುರೆಗೂ ಹಾಕುವುದರಿಂದ ಇವೆಲ್ಲ ಆಗುತ್ತವೆ.

ಬೂಸಾ, ತೌಡು, ನೇಪಿಯರ್. ಗೋಧಿ ಬೂಸಾದಲ್ಲಿ, ಅಕ್ಕಿ ತೌಡಿನಲ್ಲಿ ರಂಜಕ (ಫಾಸ್ಫರಸ್) ವಿಪರೀತ, ಸುಣ್ಣದ ಅಂಶ (ಕ್ಯಾಲ್ಸಿಯಂ) ಅತಿ ಕಡಿಮೆ. ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಇದ್ದಬದ್ದ ಸುಣ್ಣವನ್ನೂ ಹಿಡಿದಿಟ್ಟು ದೇಹಕ್ಕೆ ಸೇರದಂತೆ ಮಾಡುತ್ತದೆ. ಮೂರನ್ನೂ ಸೇರಿಸಿ ಹಾಕುವ ಹಟ್ಟಿಗಳಲ್ಲಿ ದೇಹ ತನ್ನ ಮೂಳೆಯಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ. ಕಾರಣ ತಿಳಿಯದ ಕುಂಟು, ಗಟ್ಟಿ ಮೇವು ಅಗಿಯಲು ಕಷ್ಟ, ಆಮೇಲೆ ಮುಖದ ಎರಡೂ ಬದಿಯ ಮೂಳೆ ಊದಿಕೊಳ್ಳುವುದು ಇದರ ಲಕ್ಷಣ. ಮುಖ ಊದುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಆಹಾರದಲ್ಲಿ ರಂಜಕ ಒಂದು ಭಾಗ ಇದ್ದರೆ ಸುಣ್ಣ ಒಂದೂವರೆಯಿಂದ ಎರಡು ಭಾಗ ಇರಬೇಕು. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣ ಹೇರಳ, ಅದಕ್ಕೇ ಮೇಲಿನ ಪಟ್ಟಿಯಲ್ಲಿ ಅದು ತಪ್ಪದೆ ಇದೆ.

ಹಸಿ ಜೋಳದ ದಂಟು. ಎಳೆಯ ಜೋಳದಲ್ಲಿ ಸಯನೈಡ್ ಅಂಶವಿರುತ್ತದೆ. ವಾರಗಟ್ಟಲೆ ಮೇಯಿಸಿದರೆ ಕುದುರೆಯ ಹಿಂಗಾಲು ತೂರಾಡತೊಡಗಿ ಮೂತ್ರ ತೊಟ್ಟಿಕ್ಕುವ ರೋಗ ಬರುತ್ತದೆ. ಹಸಿ ಜೋಳ ಕುದುರೆಗೆ ಬೇಡವೇ ಬೇಡ.

ಬೂಷ್ಟು ಹಿಡಿದ ಮೆಕ್ಕೆಜೋಳ. ಇದರ ಶಿಲೀಂಧ್ರ ವಿಷ ಕುದುರೆಯ ಮಿದುಳನ್ನು ಕರಗಿಸುತ್ತದೆ. ಮಳೆಗಾಲದಲ್ಲಿ ಚೀಲದ ತಳಕ್ಕೆ ಕೈಹಾಕಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಇಡೀ ಚೀಲ ತಿಪ್ಪೆಗೆ.

ಕೋಳಿ ಮತ್ತು ಹಸುವಿನ ಸಿದ್ಧ ಆಹಾರ. ಕೋಳಿ ಆಹಾರಕ್ಕೆ ಬೆರೆಸುವ ಮೊನೆನ್ಸಿನ್‌ನಂಥ ಔಷಧಿ ಕುದುರೆಯ ಹೃದಯಕ್ಕೆ ವಿಷ, ಸ್ವಲ್ಪವೇ ಸಾಕು ಕೊಲ್ಲಲು. ಕೆಲವು ಪಶು ಆಹಾರಗಳಲ್ಲೂ ಅದು ಇರಬಹುದು. ಒಂದು ಆಹಾರಕ್ಕೆ ಬಳಸಿದ ಚೀಲವನ್ನೇ ಮತ್ತೊಂದಕ್ಕೆ ಬಳಸುವ ಅಭ್ಯಾಸವನ್ನೂ ಬಿಡಿ.

ಕಾಳು ಹೆಚ್ಚು ಹಾಕಿ ಬೇಗ ಬೆಳೆಸುವ ಆಸೆಯೂ ಒಳ್ಳೆಯದಲ್ಲ. ಮೈ ಭಾರವಾಗಿ ಕೀಲು ಇನ್ನೂ ಮೆತ್ತಗಿದ್ದರೆ ಮೊಣಕಾಲು, ಗೊರಸಿನ ಮೇಲಿನ ಗೆಣ್ಣು ಊದುತ್ತವೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು. ಆ ಹದ ಸಾಕು.

## ಹಂತ 4: ಆರೋಗ್ಯದ ಲೆಕ್ಕ

ಮರಿ ಆರಾಮಾಗಿರುವಾಗಲೇ ಒಂದು ವಾರ ದಿನವೂ ಅಳೆದು ಬರೆದಿಡಿ. ಆಮೇಲೆ ಬದಲಾವಣೆ ತಾನಾಗಿ ಕಣ್ಣಿಗೆ ಬೀಳುತ್ತದೆ. ಗುದದಲ್ಲಿ ಅಳೆದ ಮೈಬಿಸಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸಹಜ, ಮರಿಗಳಲ್ಲಿ ತುಸು ಹೆಚ್ಚು. ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಒಂದು ವರ್ಷದ್ದಕ್ಕೆ 60ರವರೆಗೂ ಇರಬಹುದು. ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು.

ಧನುರ್ವಾಯು ಲಸಿಕೆ ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು. ಕುದುರೆಯಷ್ಟು ಸುಲಭವಾಗಿ ಧನುರ್ವಾಯುವಿಗೆ ತುತ್ತಾಗುವ ಸಾಕುಪ್ರಾಣಿ ಬೇರಿಲ್ಲ, ಒಂದು ಮೊಳೆ ಗಾಯ ಸಾಕು. ರೇಬೀಸ್ ಲಸಿಕೆಯೂ ವರ್ಷಕ್ಕೊಮ್ಮೆ ಆಗಲಿ. ಜಂತುನಾಶಕವನ್ನು ಕಣ್ಣಳತೆಯಲ್ಲಿ ಕೊಡದೆ, ಲದ್ದಿ ಪರೀಕ್ಷೆ ಮಾಡಿಸಿ, ಟೇಪಿನಲ್ಲಿ ತೂಕ ನೋಡಿ ಕೊಡಿ.

ಮಳೆಗಾಲದ ಸುತ್ತಮುತ್ತ ಕಚ್ಚುವ ನೊಣಗಳಿಂದ ಸರ್ರಾ ಎಂಬ ರಕ್ತದ ರೋಗ ಹರಡುತ್ತದೆ. ಬಂದು ಹೋಗುವ ಜ್ವರ, ತಿಂದರೂ ಇಳಿಯುವ ಮೈ, ಹೊಟ್ಟೆಯ ಕೆಳಗೆ ಮತ್ತು ಕಾಲಿನಲ್ಲಿ ಊತ ಕಂಡರೆ ತಕ್ಷಣ ರಕ್ತ ಪರೀಕ್ಷೆ ಮಾಡಿಸಿ.

ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಕಟ್ಟಿಕೊಂಡದ್ದು ಹೊರಬರುವ ದಾರಿ ಒಂದೇ. ಪಕ್ಕೆಯ ಕಡೆ ತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮಲಗಿ ಏಳುವುದು, ಹೊರಳುವುದು, ಬೆವರುವುದು, ಲದ್ದಿ ನಿಲ್ಲುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೂ ಮೇವು ತೆಗೆದು ವೈದ್ಯರನ್ನು ಕರೆಯಿರಿ. ಎಣ್ಣೆ, ಸೋಡಾ, ಕಷಾಯ ಯಾವುದನ್ನೂ ಬಾಯಿಗೆ ಸುರಿಯಬೇಡಿ. ಸುರಿದದ್ದು ಶ್ವಾಸಕೋಶಕ್ಕೆ ಇಳಿದು ಸಾಯುವುದುಂಟು.

## ಹಂತ 5: ಮುಟ್ಟಿಸಿಕೊಳ್ಳುವುದು

ಮೊದಲ ಮೂರ್ನಾಲ್ಕು ದಿನ ಮೇವು, ನೀರು, ಲದ್ದಿ ಬಳಿಯುವುದು ಇಷ್ಟೇ. ನೀವು ಒಳಗೆ ಹೋಗಿ ಸುಮ್ಮನೆ ಕೂತು ಬನ್ನಿ. ನೆಂಟರಿಷ್ಟರನ್ನು ಕರೆದು ತೋರಿಸುವುದು ಆಮೇಲೆ.

ಆಮೇಲಿನ ಎಲ್ಲ ಪಾಠಕ್ಕೂ ಬುಡ ಒಂದೇ: ಕುದುರೆ ಕಲಿಯುವುದು ಒತ್ತಡ ಬಿಟ್ಟ ಕ್ಷಣದಲ್ಲಿ. ನೀವು ಹತ್ತಿರ ಹೋಗುವುದೂ ಒಂದು ಒತ್ತಡವೇ. ಮರಿ ನಿಂತು ನಿಮ್ಮತ್ತ ಕಿವಿ ತಿರುಗಿಸಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿಯಿರಿ. ಅದು ಓಡಿಹೋದಾಗ ನೀವು ಹಿಂದೆ ಸರಿದರೆ ಓಡುವುದನ್ನು ಕಲಿಸಿದಂತೆ. ಒಂದೆರಡು ಸೆಕೆಂಡಿನೊಳಗೆ ಬಿಟ್ಟರೆ ಮಾತ್ರ ಯಾಕೆ ಬಿಟ್ಟಿರೆಂದು ಅದಕ್ಕೆ ತಿಳಿಯುತ್ತದೆ.

ಎದುರಿನಿಂದ, ಹಿಂದಿನಿಂದ ಹೋಗದೆ ಭುಜದ ಕಡೆಯಿಂದ ಹೋಗಿ. ಮುಖಕ್ಕೆ ಕೈ ಚಾಚಬೇಡಿ. ಕತ್ತು ಮುಗಿದು ಬೆನ್ನು ಶುರುವಾಗುವ ಉಬ್ಬಿನಲ್ಲಿ ಉಗುರಿನಿಂದ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಕೆರೆದುಕೊಳ್ಳುವ ಜಾಗ ಅದು. ಅಲ್ಲಿಂದ ಕತ್ತು, ಎದೆ, ಬೆನ್ನು, ಪಕ್ಕೆ, ಕೊನೆಗೆ ಕಿವಿ, ಕಾಲು.

ಕೈಯಲ್ಲಿ ಬೆಲ್ಲ, ಕ್ಯಾರೆಟ್ ತಿನ್ನಿಸುವ ಚಟ ಬೇಡ. ಕಚ್ಚುವ ಮರಿಗಳ ಕಥೆ ಬಹುತೇಕ ಇಲ್ಲಿಂದಲೇ ಶುರು. ಮೊದಲು ಜೇಬು ಮೂಸುತ್ತದೆ, ಆಮೇಲೆ ಅಂಗಿ ಎಳೆಯುತ್ತದೆ, ಒಂದು ದಿನ ತೋಳು ಹಿಡಿಯುತ್ತದೆ. ತಿನ್ನಿಸುವುದಿದ್ದರೆ ಬಕೆಟ್ಟಿನಲ್ಲಿ. ಕಚ್ಚಲು ಬಂದರೆ ಮೂತಿಗೆ ಹೊಡೆಯಬೇಡಿ, ತಲೆ ಎಗರಿಸುವ ಹೊಸ ಚಾಳಿ ಅಂಟುತ್ತದೆ. ಮೊಣಕೈಯನ್ನು ಅಡ್ಡ ಹಿಡಿದು, ಗಟ್ಟಿ ದನಿಯಲ್ಲಿ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸಿ, ತಕ್ಷಣ ಮಾಮೂಲಾಗಿ.

ಪರೀಕ್ಷೆ: ಹಗ್ಗವಿಲ್ಲದೆ, ಬಿಟ್ಟ ಜಾಗದಲ್ಲಿ, ಎರಡೂ ಬದಿಯಿಂದ ಮೈಯೆಲ್ಲ ಮುಟ್ಟಿದರೂ ಮರಿ ನಿಂತಿರಬೇಕು. ಎಡಗಡೆ ಒಪ್ಪಿದ್ದನ್ನು ಬಲಗಡೆಯೂ ಒಪ್ಪಿತೆಂದು ಭಾವಿಸಬೇಡಿ, ಪ್ರತಿ ಪಾಠವನ್ನೂ ಎರಡೂ ಬದಿಯಿಂದ ಕಲಿಸಬೇಕು.

## ಹಂತ 6: ಹಾಲ್ಟರ್, ನಡೆಸುವುದು, ಕಟ್ಟುವುದು

ಈ ಮೂರರ ಕ್ರಮ ಬದಲಾಗಬಾರದು. ನಡೆಯಲು ಕಲಿಯದ ಮರಿಯನ್ನು ಕಟ್ಟಿದರೆ ಅದು ಜೀವಭಯದಿಂದ ಎಳೆಯುತ್ತದೆ. ಹಾಗೆ ಎಳೆದು ಕತ್ತಿನ ಮೂಳೆಗೆ ಪೆಟ್ಟಾದ ಮರಿಗಳುಂಟು. ಒಮ್ಮೆ ಹಗ್ಗ ಕಿತ್ತು ಹೋದರಂತೂ ಎಳೆದರೆ ಬಿಡುಗಡೆ ಎಂಬುದನ್ನು ಬಹಳ ಕಾಲ ಮರೆಯುವುದಿಲ್ಲ.

1. ಹಾಲ್ಟರಿನ ಮೂಗುಪಟ್ಟಿ ಕೆನ್ನೆಮೂಳೆಯ ಕೆಳಗೆ ಎರಡು ಬೆರಳು ಅಂತರದಲ್ಲಿರಲಿ. ಇನ್ನೂ ಕೆಳಗಾದರೆ ಮೂಗಿನ ಮೆತ್ತನೆ ಭಾಗ ಒತ್ತಿ ಉಸಿರಿಗೆ ತೊಂದರೆ. ಪಾಠ ಮುಗಿದ ಮೇಲೆ ಬಿಚ್ಚಿಡಿ. ರಾತ್ರಿಯಿಡೀ ಬಿಟ್ಟರೆ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ, ಬೆಳೆಯುವ ತಲೆಗೆ ಒತ್ತಿ ಗಾಯವೂ ಆಗುತ್ತದೆ.

2. ಹಗ್ಗವನ್ನು ಒಂದು ಬದಿಗೆ ಹಗುರವಾಗಿ ಹಿಡಿದು ನಿಲ್ಲಿ. ಎಳೆಯಬೇಡಿ, ಬಿಡಲೂ ಬೇಡಿ. ಮೂತಿ ಒಂದಿಂಚು ಅತ್ತ ತಿರುಗಿದ ಕೂಡಲೇ ಸಡಿಲಿಸಿ. ಎಡ, ಬಲ, ಕೆಳಗೆ, ಹಿಂದೆ, ಹೀಗೆ ನಾಲ್ಕೂ ದಿಕ್ಕಿಗೆ.

3. ನಡೆಸುವಾಗ ನೀವು ಅದರ ಕತ್ತಿನ ಪಕ್ಕದಲ್ಲಿರಿ. ಮುಂದೆ ನಿಂತು ಕಣ್ಣಿಟ್ಟು ನೋಡುತ್ತ ಎಳೆದರೆ ಯಾವ ಮರಿಯೂ ಬರುವುದಿಲ್ಲ. ನಡೆಯದಿದ್ದರೆ ಪಕ್ಕಕ್ಕೆ ಒಂದು ಹೆಜ್ಜೆ ತಿರುಗಿಸಿ, ಸಮತೋಲನ ತಪ್ಪಿ ಕಾಲು ತಾನೇ ಚಲಿಸುತ್ತದೆ. ನಡೆ, ನಿಲ್ಲು, ಹಿಂದೆ ಎಂಬ ಮೂರು ಮಾತು ಸಾಕು, ಮನೆಯವರೆಲ್ಲ ಅದೇ ಮಾತು ಬಳಸಲಿ.

4. ಕಟ್ಟುವಾಗ ಭುಜದೆತ್ತರದ ಗಟ್ಟಿ ಕಂಬಕ್ಕೆ ಮೊದಲು ಸಣ್ಣ ಸೆಣಬಿನ ದಾರದ ಕುಣಿಕೆ ಹಾಕಿ, ಅದಕ್ಕೆ ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಲ್ಲಿ ಕಟ್ಟಿ. ಪ್ರಾಣಕ್ಕೆ ಬಂದಾಗ ದಾರ ಹರಿಯಲಿ, ಕತ್ತು ಉಳಿಯಲಿ. ಹಗ್ಗ ಒಂದು ತೋಳಳತೆ ಮಾತ್ರ ಇರಲಿ, ಉದ್ದವಾದರೆ ಕಾಲು ದಾಟಿಸುತ್ತದೆ. ಮೊದಲ ದಿನ ಎರಡು ನಿಮಿಷ, ನೀವು ಪಕ್ಕದಲ್ಲೇ ಇದ್ದು.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಮಡಿಕೆ ಮಾಡಿ ಹಿಡಿಯಿರಿ. ಸುತ್ತಿಕೊಂಡವರು ಬೆರಳು ಕಳೆದುಕೊಂಡಿದ್ದಾರೆ, ಎಳೆದೊಯ್ಯಲ್ಪಟ್ಟು ಜೀವ ಕಳೆದುಕೊಂಡವರೂ ಇದ್ದಾರೆ.

ಪರೀಕ್ಷೆ: ಹಗ್ಗ ಸಡಿಲವಾಗಿಯೇ ಇರುವಾಗ ನೀವು ನಿಂತರೆ ನಿಲ್ಲಬೇಕು, ಹಿಂದೆ ಅಂದರೆ ಐದು ಹೆಜ್ಜೆ ಹಿಂದೆ ಹೋಗಬೇಕು.

## ಹಂತ 7: ಕಾಲು ಕೊಡುವುದು

ಓಡಿ ಬದುಕುವ ಪ್ರಾಣಿ ಕಾಲನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ದೊಡ್ಡ ನಂಬಿಕೆ. ಭುಜದಿಂದ ಕೈ ಇಳಿಸುತ್ತ ಬನ್ನಿ, ಗೊರಸಿನ ಮೇಲಿನ ಗೆಣ್ಣಿನ ಹತ್ತಿರ ಮೆಲ್ಲಗೆ ಒತ್ತಿ. ತೂಕ ಬದಲಿಸಿದರೂ ಸಾಕು, ಕೈ ತೆಗೆಯಿರಿ. ಮರುದಿನ ಎರಡು ಸೆಕೆಂಡ್ ಎತ್ತಿ, ಅದು ಕಿತ್ತುಕೊಳ್ಳುವ ಮೊದಲೇ ನೀವೇ ಕೆಳಗಿಡಿ. ಎರಡರಿಂದ ಐದು, ಹತ್ತು, ಮೂವತ್ತು ಸೆಕೆಂಡಿಗೆ ಹೋಗಲು ಎರಡು ಮೂರು ವಾರ ಹಿಡಿಯುತ್ತದೆ. ಹಿಂಗಾಲಿಗೆ ಮೊದಲು ದಪ್ಪ ಹತ್ತಿ ಹಗ್ಗ ಸುತ್ತಿ ದೂರದಿಂದ ಎತ್ತಿ ಅಭ್ಯಾಸ ಮಾಡಿಸಿದರೆ ಒದೆತ ನಿಮಗೆ ತಾಕುವುದಿಲ್ಲ.

ಕಾಲು ಕೊಡಲು ಕಲಿತ ಮೇಲೆ ದಿನವೂ ಗೊರಸು ಕೆದಕಿ. ಕಪ್ಪು ಹುಳುಕು, ದುರ್ವಾಸನೆ ಕಂಡರೆ ನೆಲ ಒದ್ದೆಯಾಗಿದೆ ಎಂದರ್ಥ. ಎರೆಮಣ್ಣಿನ ಸೀಮೆಯಲ್ಲಿ ಮಳೆಗಾಲದುದ್ದಕ್ಕೂ ಇದು ಕಾಡುತ್ತದೆ. ನಿನ್ನೆ ಸರಿಯಿದ್ದ ಮರಿ ಇಂದು ಕಾಲೇ ಊರದಿದ್ದರೆ, ಗೊರಸು ಬಿಸಿಯಾಗಿದ್ದರೆ, ಒಳಗೆ ಕೀವು ಕಟ್ಟಿರಬಹುದು. ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿಸಿ. ಲಾಳ ಈಗ ಬೇಡ, ಹುಲ್ಲು ಮಣ್ಣಿನ ಮೇಲೆ ಓಡಾಡುವ ಮರಿಗೆ ಅದರ ಅಗತ್ಯವಿಲ್ಲ.

## ಹಂತ 8: ಲೋಕ ತೋರಿಸುವುದು

ಒಂದೂವರೆಯಿಂದ ಎರಡೂವರೆ ವರ್ಷದ ನಡುವಿನ ಕಾಲವನ್ನು ಹೆಚ್ಚಿನವರು ವ್ಯರ್ಥ ಮಾಡುತ್ತಾರೆ, ಇಲ್ಲವೇ ಹತ್ತಿ ಹಾಳುಮಾಡುತ್ತಾರೆ. ಇದು ಹಗ್ಗ ಹಿಡಿದು ಊರು ಸುತ್ತಿಸುವ ಕಾಲ. ಪ್ಲಾಸ್ಟಿಕ್ ಹಾಳೆ, ಕೊಡೆ, ನೀರಿನ ಪೈಪು, ಟ್ರಾಕ್ಟರ್, ಬಸ್ಸಿನ ಹಾರ್ನ್, ತಮಟೆ. ಯಾವುದೇ ಆಗಲಿ ಮೊದಲು ದೂರದಿಂದ. ಮರಿ ತಲೆ ಎತ್ತಿ ಬಿಗಿಯಾದ ಜಾಗದಲ್ಲೇ ನಿಲ್ಲಿ. ತಲೆ ತಗ್ಗಿಸಿ, ತುಟಿ ಆಡಿಸಿ, ಉಸಿರು ಬಿಟ್ಟ ಮೇಲೆ ಮುಂದಿನ ಹೆಜ್ಜೆ.

ದೀಪಾವಳಿಯ ಪಟಾಕಿಗೆ ಒಂದೇ ರಾತ್ರಿಯಲ್ಲಿ ಒಗ್ಗಿಸಲಾಗದು. ಆ ದಿನಗಳಲ್ಲಿ ಕಟ್ಟದೆ, ಮುಚ್ಚಿದ ಕೋಣೆಯಲ್ಲಿ, ಹುಲ್ಲು ತುಂಬಿ, ಜೊತೆಗಾರ ಪ್ರಾಣಿಯೊಂದಿಗೆ ಬಿಡಿ. ಮದುವೆ ಮೆರವಣಿಗೆಗೆ ಕಳಿಸಿ ಎಂದು ಕೇಳಿಕೊಂಡು ಬರುವವರಿಗೆ ಇಲ್ಲವೆನ್ನಿ. ಬೆಳೆಯುತ್ತಿರುವ ಮರಿಗೆ ಆ ಸದ್ದು, ಆ ಭಾರ, ಕುಣಿಸಲು ಬಳಸುವ ಹಿಂಸೆ ಯಾವುದೂ ಆಗದು.

ಪಾಠ ದಿನಕ್ಕೆ ಹದಿನೈದು ನಿಮಿಷ ಸಾಕು. ಮರಿ ಸರಿಯಾಗಿ ಮಾಡಿದಾಗಲೇ ನಿಲ್ಲಿಸಿ.

## ಹಂತ 9: ಎರಡೂವರೆ ದಾಟಿದ ಮೇಲೆ ಹಗ್ಗದ ಕೆಲಸ ಮತ್ತು ಕಡಿವಾಣ

ಕಾಲಿನ ಮೂಳೆಗಳ ಬೆಳವಣಿಗೆ ಕೆಳಗಿನಿಂದ ಮೇಲಕ್ಕೆ ಮುಗಿಯುತ್ತ ಬರುತ್ತದೆ. ಮುಂಗಾಲಿನ ಮೊಣಕಾಲಿನ ಮೇಲ್ಭಾಗ ಗಟ್ಟಿಯಾಗಲು ಎರಡರಿಂದ ಎರಡೂವರೆ ವರ್ಷ ಬೇಕು, ಬೆನ್ನುಮೂಳೆಗೆ ಐದು ವರ್ಷ ದಾಟಬೇಕು. ಉದ್ದ ಹಗ್ಗ ಹಿಡಿದು ನಿಮ್ಮ ಸುತ್ತ ತಿರುಗಿಸುವ ಕೆಲಸವನ್ನು ಎರಡೂವರೆಯವರೆಗೆ ಮುಂದೂಡುವುದು ಅದಕ್ಕೇ. 15ರಿಂದ 20 ಮೀಟರ್ ಅಡ್ಡಳತೆಯ ಸುತ್ತಿನಲ್ಲಿ, ವಾರಕ್ಕೆ ಎರಡು ಮೂರು ಸಲ, ಎರಡೂ ದಿಕ್ಕು ಸೇರಿ ಹತ್ತು ನಿಮಿಷ. ದಣಿಸಿ ಪಳಗಿಸುವ ಪದ್ಧತಿ ಕೀಲು ಸವೆಸುತ್ತದೆ, ಜೊತೆಗೆ ದಿನದಿನಕ್ಕೆ ಕುದುರೆಯ ದಮ್ಮು ಹೆಚ್ಚುತ್ತ ಹೋಗುತ್ತದೆ, ನಿಮ್ಮದಲ್ಲ.

ಇದಕ್ಕಿಂತ ಹೆಚ್ಚು ಫಲ ಕೊಡುವುದು ಎರಡು ಉದ್ದ ಹಗ್ಗ ಹಿಡಿದು ಹಿಂದೆ ನಡೆಯುವುದು. ಏಳು ಮೀಟರಿನ ಎರಡು ಹಗ್ಗವನ್ನು ಹಾಲ್ಟರಿನ ಎರಡೂ ಬದಿಗೆ ಕಟ್ಟಿ, ಒದೆತಕ್ಕೆ ಸಿಗದಷ್ಟು ಹಿಂದೆ, ತುಸು ಪಕ್ಕಕ್ಕೆ ನಡೆಯಿರಿ. ಬೆನ್ನ ಮೇಲೆ ಯಾರೂ ಇಲ್ಲದೆಯೇ ಮರಿ ತಿರುಗುವುದು, ನಿಲ್ಲುವುದು, ತಾನೇ ಮುಂದೆ ಹೋಗುವುದನ್ನು ಕಲಿಯುತ್ತದೆ. ಒಂದು ತಿಂಗಳು ಇದನ್ನೇ ಮಾಡಿಸಿದರೆ ಮುಂದಿನ ಸವಾರಿಯ ಅರ್ಧ ಕೆಲಸ ಮುಗಿದಂತೆ.

ಕಡಿವಾಣ, ಅಂದರೆ ಲಗಾಮು ಕಟ್ಟುವ ಬಾಯೊಳಗಿನ ಕಬ್ಬಿಣ, ಹಾಕುವ ಮೊದಲು ವೈದ್ಯರಿಂದ ಬಾಯಿ ನೋಡಿಸಿ. ಮೊದಲ ದವಡೆಹಲ್ಲಿನ ಮುಂದೆ ಕಡಲೆಯಷ್ಟು ಪುಟ್ಟ ಹೆಚ್ಚುವರಿ ಹಲ್ಲು ಇದ್ದರೆ ಕಡಿವಾಣ ಅದಕ್ಕೆ ತಾಗಿ ತಲೆ ಎಗರಿಸುತ್ತದೆ. ಅದನ್ನು ತೆಗೆಸಬೇಕು. ನಯವಾದ, ಕೀಲಿರುವ ಸಾದಾ ಕಡಿವಾಣ ಆರಿಸಿ. ಬಾಯಿಯ ಅಗಲಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚಿರಲಿ. ಮುಳ್ಳಿನ ಕಡಿವಾಣ ನಮ್ಮ ಸಂತೆಗಳಲ್ಲಿ ಇನ್ನೂ ಸಿಗುತ್ತದೆ. 1965ರ ಪ್ರಾಣಿಹಿಂಸೆ ತಡೆ ನಿಯಮಗಳೇ ಅದನ್ನು ನಿಷೇಧಿಸಿವೆ. ಅದರಿಂದ ಬಾಯಿ ಹರಿದು ಗಾಯ ಗಟ್ಟಿಯಾದರೆ ಕುದುರೆಗೆ ಲಗಾಮಿನ ಸೂಕ್ಷ್ಮವೇ ತಿಳಿಯದಂತಾಗುತ್ತದೆ. ಮೊದಲ ಹತ್ತು ದಿನ ಲಗಾಮಿಲ್ಲದೆ ಬರಿ ಕಡಿವಾಣವನ್ನು ಹತ್ತು ನಿಮಿಷ ಹಾಕಿ ತೆಗೆಯಿರಿ.

## ಹಂತ 10: ಜೀನು

ಬಟ್ಟೆ, ಆಮೇಲೆ ಅಗಲ ಪಟ್ಟಿ, ಕೊನೆಗೆ ಜೀನು. ಒಂದೊಂದಕ್ಕೂ ವಾರ ಕೊಡಿ. ಹೊಟ್ಟೆಪಟ್ಟಿಯನ್ನು ಒಂದೇ ಸಲ ಬಿಗಿಯದೆ ಮೂರು ಸಲಕ್ಕೆ ಬಿಗಿಯಿರಿ, ನಡುನಡುವೆ ಹತ್ತು ಹೆಜ್ಜೆ ನಡೆಸಿ. ಮೊದಲ ದಿನವೇ ಬಿಗಿದರೆ ಮುಂದೆ ಜೀನು ಕಂಡಾಗಲೆಲ್ಲ ಹೊಟ್ಟೆ ಉಬ್ಬಿಸಿ ಕಚ್ಚಲು ತಿರುಗುತ್ತದೆ. ಹೆಗಲ ಉಬ್ಬು ಮತ್ತು ಜೀನಿನ ನಡುವೆ ಎರಡು ಮೂರು ಬೆರಳು ಹೋಗಬೇಕು, ಬೆನ್ನುಮೂಳೆಯ ಉದ್ದಕ್ಕೂ ಬೆಳಕು ಕಾಣಬೇಕು. ಬಿಚ್ಚಿದ ಮೇಲೆ ಬೆವರಿನ ಗುರುತು ನೋಡಿ. ಸುತ್ತ ಒದ್ದೆಯಿದ್ದು ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಜೀನು ಒತ್ತುತ್ತಿದೆ. ಹಾಗೇ ಮುಂದುವರಿಸಿದರೆ ಅದೇ ಜಾಗದಲ್ಲಿ ಬಿಳಿ ಕೂದಲು ಬರುತ್ತದೆ.

ಪರೀಕ್ಷೆ: ಜೀನು ಹಾಕಿ, ರಿಕಾಪುಗಳನ್ನು (ಸವಾರ ಪಾದ ಇಡುವ ಬಳೆಗಳನ್ನು) ಇಳಿಬಿಟ್ಟು, ಎರಡೂ ದಿಕ್ಕಿಗೆ ಸುತ್ತು ತಿರುಗಿದರೂ ಬೆನ್ನು ಬಿಲ್ಲಾಗಬಾರದು.

## ಹಂತ 11: ಮೊದಲ ಸವಾರಿ

ವಯಸ್ಸು ಮೂರು ತುಂಬಿರಬೇಕು, ಮೂರೂವರೆಯಾದರೆ ಇನ್ನೂ ಒಳ್ಳೆಯದು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ. 15 ಮೀರಬಾರದು. 300 ಕಿಲೋ ಕುದುರೆಗೆ ಇದು 45 ಕಿಲೋ. ಅಂದರೆ ದೇಶಿ ಕುದುರೆಗಳ ಮಾಲೀಕರಲ್ಲಿ ಬಹಳಷ್ಟು ಜನ ಮೊದಲ ವರ್ಷ ತಮ್ಮ ಕುದುರೆಯನ್ನು ತಾವೇ ಹತ್ತುವಂತಿಲ್ಲ. ಒಪ್ಪಲು ಕಷ್ಟವಾದರೂ ಬೆನ್ನು ಉಳಿಸಬೇಕೆಂದಿದ್ದರೆ ಹಗುರ ಮೈಯ, ಅನುಭವವಿರುವ ಸವಾರರನ್ನೇ ಹುಡುಕಿ. ಪೂರ್ಣ ಬೆಳೆದ ಮೇಲೂ ಶೇ. 20 ಮೇಲ್ಮಿತಿ.

ಒಬ್ಬರೇ ಇರುವಾಗ ಹತ್ತಬೇಡಿ. ತಲೆಯ ಹತ್ತಿರ ಮರಿಗೆ ಪರಿಚಯವಿರುವ ಒಬ್ಬರು ನಿಂತಿರಲಿ, ಸುತ್ತ ಬೇಲಿಯಿರುವ ಮೆತ್ತನೆ ನೆಲವಿರಲಿ, ಹೆಲ್ಮೆಟ್ ಇರಲಿ.

1. ಕಲ್ಲು ಅಥವಾ ಗಟ್ಟಿ ಪೆಟ್ಟಿಗೆಯ ಮೇಲೆ ನಿಂತು ಬೆನ್ನು ಸವರಿ, ಇಳಿಯಿರಿ. ಎರಡೂ ಬದಿ, ಹಲವು ದಿನ.
2. ಜೀನಿನ ಮೇಲೆ ಅಡ್ಡಲಾಗಿ ಹೊಟ್ಟೆ ಊರಿ ಹತ್ತು ಸೆಕೆಂಡ್, ಇಳಿಯಿರಿ.
3. ಹಾಗೇ ಮಲಗಿದ್ದು ನಾಲ್ಕು ಹೆಜ್ಜೆ ನಡೆಸಿ.
4. ಕಾಲು ದಾಟಿಸಿ ಕೂತುಕೊಳ್ಳಿ. ಮೈ ಬಗ್ಗಿಸಿಯೇ ಇರಿ, ಮೆಲ್ಲಗೆ ನೇರವಾಗಿ. ಅದು ಎತ್ತರದಲ್ಲಿ ನಿಮ್ಮನ್ನು ಎರಡೂ ಕಣ್ಣಿನಿಂದ ನೋಡಲಿ. ಇಳಿಯಿರಿ. ಆ ದಿನಕ್ಕೆ ಅಷ್ಟೇ.
5. ಕೆಳಗಿರುವವರು ನಡೆಸಲಿ, ನೀವು ಕೂತಿರಿ. ಆಮೇಲೆ ಅದೇ ಹಳೆಯ ಮಾತುಗಳನ್ನು ನೀವು ಮೇಲಿನಿಂದ ಹೇಳಿ.

ಮೊದಲ ತಿಂಗಳೆಲ್ಲ ನಡಿಗೆ ಮಾತ್ರ. ನಡೆ, ನಿಲ್ಲು, ದೊಡ್ಡ ತಿರುವು. ವಾರಕ್ಕೆ ಮೂರು ನಾಲ್ಕು ದಿನ, ಹತ್ತರಿಂದ ಇಪ್ಪತ್ತು ನಿಮಿಷ. ಸವಾರಿ ಶಾಲೆಗಳಲ್ಲಿ ಟ್ರಾಟ್ ಎನ್ನುವ ಕುಕ್ಕುಲೋಟ ಆಮೇಲೆ, ನೇರ ದಾರಿಯಲ್ಲಿ, ಸ್ವಲ್ಪ ಸ್ವಲ್ಪ. ಓಡಿಸುವುದು ಇನ್ನೂ ಕೆಲವು ತಿಂಗಳು ಬಿಟ್ಟು. ನಿಲ್ಲಿಸಲು ಲಗಾಮನ್ನು ಎರಡೂ ಕೈಯಲ್ಲಿ ಜಗ್ಗಬೇಡಿ, ಮರಿ ಅದರ ಎದುರು ಎಳೆಯುತ್ತದೆ. ಒಂದೇ ಬದಿಯ ಲಗಾಮಿನಿಂದ ಕತ್ತನ್ನು ಬಾಗಿಸಿ ಸಣ್ಣ ಸುತ್ತಿಗೆ ತಂದು ನಿಲ್ಲಿಸುವುದನ್ನು ಮೊದಲ ವಾರವೇ ಕಲಿಸಿ.

## ಯಾವಾಗ ನಿಲ್ಲಿಸಬೇಕು

ನಿನ್ನೆ ಮಾಡಿದ್ದನ್ನು ಇಂದು ಒಪ್ಪದಿದ್ದರೆ ಮೊದಲು ನೋವು ಹುಡುಕಿ. ಬೆನ್ನು ಒತ್ತಿ ನೋಡಿ, ಬಾಯಿ ನೋಡಿ, ಗೊರಸು ಮುಟ್ಟಿ, ಜ್ವರ ಅಳೆಯಿರಿ. ಮೊಂಡುತನ ಎನ್ನುವ ತೀರ್ಮಾನ ಕೊನೆಯದು. ಸಣ್ಣ ಹಿಂಜರಿಕೆಯಾದರೆ ಎರಡು ಹಂತ ಹಿಂದೆ ಹೋಗಿ ಒಂದು ವಾರ ಅಲ್ಲೇ ಇರಿ.

ಮರಿ ನಿಮ್ಮತ್ತ ಕಿವಿ ಹಿಂದೆ ಒತ್ತಿ ನುಗ್ಗುತ್ತಿದ್ದರೆ, ಮುಂಗಾಲೆತ್ತಿ ನಿಲ್ಲುವುದು ಎರಡನೇ ಸಲ ಆಗಿದ್ದರೆ, ಅಥವಾ ಲಾಯದ ಬಾಗಿಲು ತೆರೆಯುವಾಗ ನಿಮಗೇ ಭಯವಾಗುತ್ತಿದ್ದರೆ, ಅಲ್ಲಿಗೆ ನಿಲ್ಲಿಸಿ ಅನುಭವಸ್ಥ ತರಬೇತುದಾರರನ್ನು ಕರೆಸಿ. ಅವರು ಕೆಲಸ ಮಾಡುವಾಗ ನೀವೂ ಅಲ್ಲಿರಬೇಕು. ಮೂರು ತಿಂಗಳಿಗೆಂದು ಬೇರೆಡೆ ಕಳಿಸಿ ಕಲಿತು ಬಂದ ಮರಿ, ಏನೂ ಕಲಿಯದ ಮಾಲೀಕರ ಕೈಯಲ್ಲಿ ಕೆಲವೇ ವಾರದಲ್ಲಿ ಹಳೆಯ ಚಾಳಿಗೆ ಮರಳುತ್ತದೆ. ಆರಿಸುವ ಮೊದಲು ಅವರು ಬೇರೊಂದು ಕುದುರೆಗೆ ಕಲಿಸುವುದನ್ನು ಒಂದು ದಿನ ಕೂತು ನೋಡಿ. ಹತ್ತು ದಿನದಲ್ಲಿ ಹತ್ತಿಸುತ್ತೇನೆ ಎನ್ನುವವರಿಗೆ, ನೀರು ಮೇವು ತಪ್ಪಿಸಿ ಮಣಿಸುವವರಿಗೆ, ಕಾಲು ಕಟ್ಟಿ ಕೆಡಹುವವರಿಗೆ ಮರಿಯನ್ನು ಒಪ್ಪಿಸಬೇಡಿ.